ಕುಂಬಳಕಾಯಿ ಒಡೆಯುವವರು

ಇಡೀ ಕುಂಬಳಕಾಯಿಯನ್ನು ನಾನು ಕೊಳ್ಳುವುದಿಲ್ಲ. ಸಂತೆಯಲ್ಲಿ ಹೋಳು ಮಾಡಿ ಇಟ್ಟುಕೊಂಡವರ ಹತ್ತಿರವೇ ಹೋಗುತ್ತೇನೆ. ಇಡೀದು ಒಯ್ದರೆ ಆರು ತಿಂಗಳು ಕೆಡುವುದಿಲ್ಲ ಅಜ್ಜಿ ಎಂದು ಮಾರುವ ಹುಡುಗಿಯರು ನನಗೇ ಪಾಠ ಹೇಳುತ್ತಾರೆ. ಕುಂಬಳಕಾಯಿ ಎಷ್ಟು ತಿಂಗಳು ಇರುತ್ತದೆ ಎಂದು ನನಗೆ ಕಲಿಸಬೇಕಾದವರು ಈ ತಾಲೂಕಿನಲ್ಲಿ ಯಾರೂ ಇಲ್ಲ. ಅದರ ರಾಶಿಯ ಕೆಳಗೆ ಮಲಗಿ ಬೆಳೆದವಳು ನಾನು. ಆದರೂ ಹೋಳೇ ಕೊಳ್ಳುತ್ತೇನೆ. ಮನೆಯವರು ಇದನ್ನು ನನ್ನ ಮಡಿವಂತಿಕೆ ಎಂದುಕೊಂಡು ನಗುತ್ತಾರೆ, ನಾನೂ ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ಅವರು ಮಡಿವಂತಿಕೆ ಎನ್ನುವುದಕ್ಕೂ ಕಾರಣವಿದೆ. ನಮ್ಮ ಕಡೆ ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಹಾಕುವಂತಿರಲಿಲ್ಲ. ಮನೆಯ ಗಂಡಸು ಅದನ್ನು ಎರಡು ಹೋಳು ಮಾಡಿ ಕೊಡಬೇಕು. ಆಮೇಲೆ ಸಿಪ್ಪೆ ತೆಗೆಯುವುದು, ಹೆಚ್ಚುವುದು, ತುರಿಯುವುದು, ಬೇಯಿಸುವುದು, ಬಡಿಸುವುದು, ಕೊನೆಗೆ ಪಾತ್ರೆ ತಿಕ್ಕುವುದು ಎಲ್ಲ ಹೆಂಗಸರದೇ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅದು ತಲೆಯಿದ್ದ ಹಾಗೆ, ಒಡೆದರೆ ಬಲಿ ಕೊಟ್ಟ ಹಾಗೆ ಎಂದು ಒಬ್ಬರು. ಒಳಗೆ ಬೀಜ ತುಂಬಿರುತ್ತದೆ, ಬಸುರಿಯಿದ್ದ ಹಾಗೆ, ಹೆಂಗಸಾದವಳು ಸೀಳಬಾರದು ಎಂದು ಇನ್ನೊಬ್ಬರು. ಬೀಜ ಹಲಸಿನಕಾಯಿಯಲ್ಲೂ ಇರುತ್ತದೆ. ಅದನ್ನು ಕೈಗೆ ಎಣ್ಣೆ ಹಚ್ಚಿಕೊಂಡು ಸೀಳುತ್ತ ಕೂತ ಹೆಂಗಸಿಗೆ ಯಾರೂ ಬೇಡವೆಂದದ್ದನ್ನು ನಾನು ಕಂಡಿಲ್ಲ. ಆದರೆ ನಾನು ಹೋಳು ಕೊಳ್ಳುವುದಕ್ಕೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲ. ಇಡೀ ಕುಂಬಳಕಾಯಿ ಕಂಡರೆ ನನಗೆ ನನ್ನ ಆಯಿಯ, ಹೆತ್ತ ತಾಯಿಯ, ಮುಖ ಕಾಣುತ್ತದೆ, ಅಷ್ಟೇ.

ಶಿರಸಿಯಲ್ಲಿ ಮಾಮಲೇದಾರ ಕಚೇರಿಯ ಹಿಂದಿನ ಓಣಿಯಲ್ಲಿ ಆಯಿ ಖಾನಾವಳಿ ನಡೆಸುತ್ತಿದ್ದಳು. ಮೂವತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪಯ್ಯ ಮುಂಬಯಿಯ ಒಂದು ಹೋಟೆಲಿಗೆ ಅಡಿಗೆ ಕೆಲಸಕ್ಕೆಂದು ಹೋಗಿದ್ದ. ಮೊದಲ ಕೆಲವು ತಿಂಗಳು ಕಾಗದ ಬಂದವು, ಮರುವರ್ಷ ಒಂದೇ ಕಾಗದ, ಆಮೇಲೆ ಅದೂ ಇಲ್ಲ. ಅವನು ಹೋದಾಗ ನನಗೆ ಏಳು ವರ್ಷ. ಸತ್ತನೆಂಬ ಸುದ್ದಿ ಬರದ ಕಾರಣ ಆಯಿ ಕುಂಕುಮ ಇಡುತ್ತಿದ್ದಳು. ಬರುತ್ತಾನೆಂಬ ಸುದ್ದಿಯೂ ಇಲ್ಲದ ಕಾರಣ ದಿನಕ್ಕೆ ಎರಡು ಹೊತ್ತು ಹತ್ತು ಜನಕ್ಕೆ ಅನ್ನ ಬೇಯಿಸುತ್ತಿದ್ದಳು. ಊಟಕ್ಕೆ ಬರುತ್ತಿದ್ದವರು ಕಚೇರಿಯ ಕಾರಕೂನರು, ಶಾಲೆಯ ಇಬ್ಬರು ಮಾಸ್ತರರು, ಕೋರ್ಟಿಗೆ ಬಂದ ಹಳ್ಳಿಯವರು. ಹೊರಗಿನ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡು ಎದ್ದು ಹೋಗುತ್ತಿದ್ದರು. ಆಯಿ ಬಡಿಸುವಾಗ ತಲೆ ಎತ್ತುತ್ತಿರಲಿಲ್ಲ. ಅವಳಿಗೆ ಬಂದವರ ಎಲೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಗಂಡಸಿಲ್ಲದ ಮನೆಯಿಂದ ದಿನಾ ಪೇಟೆಗೆ ಓಡುವವರು ಯಾರು? ಹಾಗಾಗಿ ನಮ್ಮ ಖಾನಾವಳಿ ನಿಂತದ್ದೇ ಸಿಹಿಗುಂಬಳದ ಮೇಲೆ. ದೀಪಾವಳಿಯ ಹೊತ್ತಿಗೆ ಯಲ್ಲಾಪುರದ ಗಾಡಿ ಸಾಬರು ನಂದೊಳ್ಳಿಯ ರೈತರಿಂದ ಕಾಯಿ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ಎತ್ತು ನಿಲ್ಲಿಸುತ್ತಿದ್ದರು. ಆಯಿ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ, ತೊಟ್ಟು ನೋಡಿ, ಬೆರಳ ಗೆಣ್ಣಿನಿಂದ ತಟ್ಟಿ ಇಳಿಸಿಕೊಳ್ಳುತ್ತಿದ್ದಳು. ತೊಟ್ಟು ಮುರಿದಿದ್ದರೆ ಬೇಡ, ಮೈಮೇಲೆ ಉಗುರಿನಷ್ಟು ಗಾಯವಿದ್ದರೂ ಬೇಡ. ಆರಿಸಿದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹುಲ್ಲು ಹಾಸಿ, ಒಂದಕ್ಕೊಂದು ತಾಗದ ಹಾಗೆ ಜೋಡಿಸಬೇಕು. ಹೊಗೆ ಬಡಿದು ಬಡಿದು ಅವು ಯುಗಾದಿಯವರೆಗೂ ಕಲ್ಲಿನ ಹಾಗೆ ಇರುತ್ತಿದ್ದವು.

ಒಂದೇ ಕಾಯಿಯಿಂದ ಆಯಿ ಏನೇನು ಮಾಡುತ್ತಿದ್ದಳೆಂದು ಹೇಳಿದರೆ ಈಗಿನವರು ನಂಬುವುದಿಲ್ಲ. ಹೋಳು ಬೇಯಿಸಿ, ಹಸಿ ತೆಂಗಿನಕಾಯಿ ಮತ್ತು ಸಾಸಿವೆ ಅರೆದು ಮೊಸರು ಬೆರೆಸಿದರೆ ಸಾಸ್ಮೆ. ತೊಗರಿಬೇಳೆಯೊಡನೆ ಹುಳಿ. ಒಗ್ಗರಣೆಗೆ ಉದ್ದಿನಬೇಳೆ, ಒಣಮೆಣಸು ಹಾಕಿ ಪಲ್ಯ. ಸಿಪ್ಪೆಯನ್ನು ಹುರಿದು ಚಟ್ನಿ. ಬೀಜ ತೊಳೆದು ಒಣಗಿಸಿದರೆ ಅದು ನನಗೆ. ತುರಿದು, ಜೋನಿಬೆಲ್ಲದಲ್ಲಿ ಬಾಡಿಸಿ, ಅಕ್ಕಿ ತರಿ ಬೆರೆಸಿ, ಬಾಳೆಲೆಯಲ್ಲಿ ಮಡಚಿ ಉಗಿಯಲ್ಲಿ ಬೇಯಿಸಿದರೆ ಕಡುಬು. ಅದೇ ಹಿಟ್ಟನ್ನು ಎಣ್ಣೆಗೆ ಬಿಟ್ಟರೆ ಮುಳಕ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ವಾಸನೆಗೆ ಹೊರಗಿನ ಪಡಸಾಲೆಯಲ್ಲಿ ಕೂತ ಮಾಸ್ತರರು ಮಾತು ನಿಲ್ಲಿಸುತ್ತಿದ್ದರು.

ಇಷ್ಟೆಲ್ಲ ಮಾಡಬಲ್ಲವಳಿಗೆ ತೊಡಕು ಮಾತ್ರ ಆ ಮೊದಲ ಕತ್ತಿಯದು. ಅಪ್ಪಯ್ಯ ಹೋದ ಮೇಲೆ ಪಕ್ಕದ ಮನೆಯ ಮಾವನನ್ನು ಕರೆಯುತ್ತಿದ್ದಳು. ಅವನು ಬರುತ್ತಿದ್ದ, ಆದರೆ ಮುಖ ಊದಿಸಿಕೊಂಡು ಬರುತ್ತಿದ್ದ. ಅವನ ಹೆಂಡತಿ ಬೇಲಿಯ ಆಚೆ ನಿಂತು, ಈ ಮನೆಗೆ ದುಡಿಯುವುದೇ ಆಯಿತು ಎಂದು ಕೇಳುವ ಹಾಗೆ ಗೊಣಗುತ್ತಿದ್ದಳು. ಆಮೇಲೆ ಸ್ವಲ್ಪ ದಿನಕ್ಕೆ ಅವನು ಬರುವುದು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಎದ್ದು ಹಿಂದಿನ ಜಗಲಿಗೆ ಬರುವಷ್ಟರಲ್ಲಿ ಕಾಯಿ ಎರಡು ಹೋಳಾಗಿ ಮೊರದಲ್ಲಿ ಕೂತಿರುತ್ತಿತ್ತು. ಮಾವ ನಸುಕಿನಲ್ಲೇ ಬಂದು ಹೋಗಿರಬೇಕು ಎಂದುಕೊಂಡಿದ್ದೆ. ಮಕ್ಕಳಿಗೆ ಅಂಥದ್ದನ್ನು ಕೇಳಬೇಕೆಂದು ತೋಚುವುದಿಲ್ಲ.

ನನಗೆ ಹತ್ತು ತುಂಬಿದ ವರ್ಷ ಕಚೇರಿಗೆ ಹೊಸ ಕಾರಕೂನರು ಬಂದರು. ಹಾವೇರಿಯ ಕಡೆಯವರು, ನಮ್ಮಂತೆ ಬ್ರಾಹ್ಮಣರೇ, ಆದರೆ ಬಯಲುಸೀಮೆಯ ಮಾತು. ವಯಸ್ಸು ನಲವತ್ತರ ಹತ್ತಿರ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಕಪ್ಪು ಟೋಪಿ, ಮೊಣಕೈ ಸವೆದ ಕೋಟು. ಉಣ್ಣುವಾಗ ನಿಧಾನ, ಎಲ್ಲರೂ ಎದ್ದ ಮೇಲೆ ಏಳುವವರು. ಒಂದು ದಿನ ಅವರು ಊಟಕ್ಕೆ ಬೇಗ ಬಂದುಬಿಟ್ಟರು. ಆಯಿ ಹಿಂದಿನ ಜಗಲಿಯಲ್ಲಿ, ಆ ದಿನ ನಸುಕಿನಲ್ಲಿ ಒಡೆಯದೆ ಉಳಿದಿದ್ದ ಕಾಯಿ ಹಿಡಿದು ನಿಂತಿದ್ದಳು. ಇವತ್ತು ಕಡುಬು ಎಂದು ನಾನು ಹಿಂದಿನ ದಿನವೇ ಹೊರಗೆ ಡಂಗುರ ಸಾರಿದ್ದೆ. ಕಾರಕೂನರನ್ನು ಕಂಡವಳೇ ಅವಳು ನನಗೆ, ಪಕ್ಕದ ಮನೆಗೆ ಹೋಗಿ ಮಾವನನ್ನು ಕರೆ ಎಂದಳು. ಕಾರಕೂನರು ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದವರು ಅದನ್ನು ಕೇಳಿಸಿಕೊಂಡರು.

"ಕೊಡ್ರಿ ಬಾಯಾರ, ಇಲ್ಲೆ. ಕುಂಬಳಕಾಯಿ ಒಡೀಲಿಕ್ಕೆ ಊರೆಲ್ಲಾ ಹುಡುಕಬೇಕೇನ್ರಿ?" ಎಂದರು.

ಟೋಪಿ ಕಂಬದ ಗೂಟಕ್ಕೆ ಹಾಕಿ, ಕೋಟು ಬಿಚ್ಚಿ ಮಡಚಿಟ್ಟು ಕೂತರು. ಪಕ್ಕದ ಮನೆಯ ಮಾವ ಕತ್ತಿ ಎತ್ತಿ ಸೌದೆ ಸೀಳಿದ ಹಾಗೆ ಹೊಡೆಯುತ್ತಿದ್ದ. ಇವರು ಹಾಗೆ ಮಾಡಲಿಲ್ಲ. ಕಾಯಿಯ ಮೈಮೇಲಿನ ಗೆರೆಗಳನ್ನು ಹೆಬ್ಬೆರಳಿನಿಂದ ತಡವಿ, ಒಂದು ಗೆರೆ ಆರಿಸಿ, ತೊಟ್ಟಿನ ಪಕ್ಕದಲ್ಲಿ ಕತ್ತಿಯ ತುದಿ ಊರಿ, ಅದರ ಗುಂಟ ಎಳೆದರು. ಸದ್ದೇ ಇಲ್ಲದೆ ಕಾಯಿ ಎರಡಾಯಿತು.

"ಬಡದ್ರ ಒಡೀತದ, ಗೆರೀಗುಂಟ ಕೊಯ್ದ್ರ ಬಿಡತದ" ಎಂದು ನನಗೆ ಹೇಳಿದರು. ಆಮೇಲೆ ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದು ಒಳಗಿನ ಬಣ್ಣ ನೋಡಿ, "ಬಾಯಾರ, ಇದು ಕಡುಬಿನ ಕಾಯಿ ಅಲ್ಲ ನೋಡ್ರಿ. ನೀರು ಭಾಳ ಅದ. ಇದನ್ನ ಹುಳೀಗೆ ಹಾಕ್ರಿ, ಕಡುಬಿಗೆ ಇನ್ನೊಂದು ತಗೀರಿ" ಎಂದರು.

ಅಡಿಗೆಯ ವಿಷಯದಲ್ಲಿ ಆಯಿಗೆ ಬುದ್ಧಿ ಹೇಳಿದವರು ಅದುವರೆಗೆ ಯಾರೂ ಉಳಿದಿರಲಿಲ್ಲ. ಈಗ ಇವರಿಗೆ ಗ್ರಹಚಾರ ಬಂತೆಂದು ನಾನು ಖುಷಿಯಿಂದ ಕಾದೆ. ಆಯಿ ಹೋಳು ಇಸಕೊಂಡು ಬೆರಳಿನಿಂದ ಒತ್ತಿ ನೋಡಿದಳು. ಅಟ್ಟ ಹತ್ತಿ ಇನ್ನೊಂದು ಕಾಯಿ ಇಳಿಸಿದಳು.

ಅಲ್ಲಿಂದ ಅದು ರೂಢಿಯಾಯಿತು. ಸೋಮವಾರ ಮತ್ತು ಗುರುವಾರ ಕಾರಕೂನರು ಊಟದ ಹೊತ್ತಿಗಿಂತ ಒಂದು ತಾಸು ಮೊದಲು ಬರುತ್ತಿದ್ದರು. ಆಯಿ ಹಿಂದಿನ ಜಗಲಿಯಲ್ಲಿ ಅವರಿಗೆ ಮಣೆ ಹಾಕಿ, ಪಕ್ಕದಲ್ಲಿ ಕತ್ತಿ ಮತ್ತು ಕಾಯಿ ಇಡುತ್ತಿದ್ದಳು. ತಾನು ಅಡಿಗೆಮನೆಯ ಹೊಸಿಲ ಒಳಗೆ ನಿಲ್ಲುತ್ತಿದ್ದಳು. ನಾನು ಇಬ್ಬರ ನಡುವೆ ಪಾಟಿ ಹಿಡಿದು ಕೂರುತ್ತಿದ್ದೆ, ನನ್ನ ಲೆಕ್ಕ ತಿದ್ದುವುದೂ ಕಾರಕೂನರ ಪಾಲಿಗೇ ಬಂದಿತ್ತು. ಅವರು ಕೊಯ್ಯುವುದು, ಬೆಳಕಿಗೆ ಹಿಡಿಯುವುದು. ಆಯಿ ಒಳಗಿನಿಂದ ಕೇಳುವುದು:

"ಇದು ಎಂತಕ್ಕೆ ಆಗ್ತು, ನೋಡಿ ಹೇಳಿ."

ಈ ಒಂದು ಪ್ರಶ್ನೆಯಲ್ಲಿ ಆಯಿಯ ದನಿ ಬೇರೆಯಾಗುತ್ತಿತ್ತು. ಹತ್ತು ಜನರಿಗೆ ಏನು ಬಡಿಸಬೇಕೆಂದು ವರ್ಷಗಟ್ಟಲೆ ಒಬ್ಬಳೇ ಯೋಚಿಸಿದವಳಿಗೆ, ಯಾರನ್ನಾದರೂ ಕೇಳಬಹುದು ಎಂಬುದೇ ಒಂದು ಹಬ್ಬವಾಗಿತ್ತು. ಆಗ ನನಗೆ ಇದು ತಿಳಿದಿರಲಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಆಯಿ ನಗುವುದನ್ನು ಕಲಿತದ್ದು ನನಗೆ ಕಾಣುತ್ತಿತ್ತು. ಅಪ್ಪಯ್ಯ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಆ ಹಿಂದಿನ ಜಗಲಿಯಲ್ಲೇ. ಸೋಮವಾರ, ಗುರುವಾರದ ಆ ಒಂದೊಂದು ತಾಸು ಬಿಟ್ಟರೆ ಅವಳದೆಂಬ ಹೊತ್ತು ವಾರದಲ್ಲಿ ಬೇರೆ ಇರಲಿಲ್ಲ.

ಒಂದು ಸಲ ಕಾರಕೂನರು ತಮ್ಮ ತಾಯಿ ಮಾಡುತ್ತಿದ್ದ ಕುಂಬಳಕಾಯಿ ಗಾರಿಗೆಯ ಮಾತು ತೆಗೆದರು. ನಮ್ಮ ಕಡೆ ಅದಿಲ್ಲ. ತುರಿದ ಕಾಯಿಯನ್ನು ಬೆಲ್ಲದಲ್ಲಿ ಬಾಡಿಸಿ, ಗೋಧಿಹಿಟ್ಟು ಕಲಸಿ, ಗಸಗಸೆ ಒತ್ತಿ, ಪೂರಿಯ ಹಾಗೆ ತಟ್ಟಿ ಕರಿಯುವುದು.  ಮರುವಾರ ಆಯಿ ಪೇಟೆಯಿಂದ ಗೋಧಿ ತರಿಸಿ ಬೀಸಿದಳು. ಮೊದಲ ದಿನ ಮಾಡಿದ ಗಾರಿಗೆ ಎಣ್ಣೆಗೆ ಬಿದ್ದ ಕೂಡಲೇ ಪುಡಿಪುಡಿಯಾಗಿ ಹೋಯಿತು. ಆಯಿ ಸೌಟಿನಲ್ಲಿ ಆ ಚೂರು ಬಳಿಯುತ್ತ ಇದಕ್ಕೆ ಎಂತ ದೋಷ ಎಂದು ಗೊಣಗಿದಳು. ಗುರುವಾರ ಕಾರಕೂನರನ್ನೇ ಕೇಳಿದಳು.

"ನೀರಿನ ಕಾಯಿ ಇದ್ದಿರಬೇಕ್ರಿ" ಎಂದರು ಅವರು. "ಗಾರಿಗೀಗೆ ಒಣಾ ಕಾಯಿ ಬೇಕು. ಒಳಗ ಕೇಸರಿ ಬಣ್ಣ ಇರಬೇಕು, ಬೆರಳ ಒತ್ತಿದ್ರ ಒದ್ದಿ ಆಗಬಾರದು. ನಾನು ಆರಿಸಿ ಕೊಡ್ತೀನಿ."

ಅಟ್ಟದಿಂದ ನಾಲ್ಕು ಕಾಯಿ ಇಳಿಸಿ, ತಟ್ಟಿ ಕೇಳಿ, ಒಂದನ್ನು ಕೊಯ್ದು ಕೊಟ್ಟರು. ಆ ದಿನದ ಗಾರಿಗೆ ಉಬ್ಬಿ ಬಂತು. ಆಯಿ ಸಾಲಿನಲ್ಲಿ ಎಲ್ಲರಿಗೂ ಎರಡೆರಡು ಬಡಿಸಿದಳು, ಕಾರಕೂನರ ಎಲೆಗೆ ನಾಲ್ಕು. ಅವರು ಮೊದಲನೆಯದನ್ನು ಮುರಿದು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿಯದೆ ಕೂತರು. ಮುಂದಿನ ಸಲ ಊರಿಗೆ ಹೋಗಿ ಬಂದಾಗ ಒಂದು ಪೊಟ್ಟಣ ಗಸಗಸೆ ತಂದುಕೊಟ್ಟರು. ಆಯಿ ಅದನ್ನು ಹಿತ್ತಾಳೆ ಡಬ್ಬಿಗೆ ಹಾಕಿ ಮೇಲಿನ ಹಲಗೆಯ ಮೇಲಿಟ್ಟಳು.

ಆ ನಾಲ್ಕು ಗಾರಿಗೆಯನ್ನು ಎಣಿಸಿದವರು ಯಾರೋ, ಗೋಧಿ ಬೀಸುವ ಸದ್ದು ಕೇಳಿದವರು ಯಾರೋ, ಅಂತೂ ಮಾತು ಓಣಿಯಲ್ಲಿ ಓಡಾಡತೊಡಗಿತು. ನನಗೆ ಆಗ ಹನ್ನೆರಡು. ಹೊಂಡದ ಹತ್ತಿರ ಬಟ್ಟೆ ಒಗೆಯುವಾಗ ಒಬ್ಬಳು ಹುಡುಗಿ, ನಿಮ್ಮನೆ ಹೊಸ ಯಜಮಾನರು ಬಂದರಾ ಎಂದು ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೇಳಿದರೂ ಕೇಳದ ಹಾಗೆ ಬಟ್ಟೆ ಹಿಂಡಿಕೊಂಡು ಬಂದೆ. ಆದರೆ ಪಕ್ಕದ ಮನೆಯ ಅತ್ತೆ ಬೇಲಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿ ಬಿಡಿಸಿಯೇ ಹೇಳಿದಳು:

"ಮನೆ ಗಂಡಸು ಕುಂಬಳಕಾಯಿ ಒಡೆಯವು ಹೇಳಿ ಶಾಸ್ತ್ರ ಇದ್ದು. ನಿಮ್ಮನೇಲಿ ವಾರಕ್ಕೆರಡು ಸಲ ಅವ್ರು ಒಡೀತ್ರು. ಹಂಗಾರೆ ಅವ್ರು ನಿಮ್ಮನೆಗೆ ಎಂತ ಆಗವು? ಸಿದ್ದಾಪುರದ ಬದಿಂದ ನಿನ್ನ ಜಾತಕ ಕೇಳ್ತಾ ಇದ್ದ. ಅವ್ಕೆ ಇದೆಲ್ಲ ಕಿವಿಗೆ ಬಿದ್ರೆ ನಿನ್ನ ಯಾರು ಕೇಳ್ತ? ಆನು ನಿನ್ನ ಒಳ್ಳೇದಕ್ಕೇ ಹೇಳ್ತೆ."

ಇವಳ ಗಂಡನೇ ಒಡೆದುಕೊಡುತ್ತಿದ್ದಾಗ ಶಾಸ್ತ್ರ ಎಲ್ಲಿ ಹೋಗಿತ್ತು ಎಂದು ನಾನು ಕೇಳಬಹುದಿತ್ತು. ಈಗ ಕೇಳುತ್ತೇನೆ, ಆಗ ಬಾಯಿ ಬರಲಿಲ್ಲ.  ಸಿಟ್ಟು ಬರಬೇಕಾದದ್ದು ಆ ಹೆಂಗಸಿನ ಮೇಲೆ, ಬಂದದ್ದು ಆಯಿಯ ಮೇಲೆ. ಹೊಸಿಲ ಒಳಗೆ ನಿಂತು ನಗುವ ಆಯಿ, ಗೋಧಿ ಬೀಸುವ ಆಯಿ, ನಾಲ್ಕು ಗಾರಿಗೆ ಬಡಿಸುವ ಆಯಿ. ಇವರು ಬರುವುದು ಕುಂಬಳಕಾಯಿಗಾಗಿ ತಾನೇ, ಕುಂಬಳಕಾಯಿ ಒಡೆದುಬಿಟ್ಟರೆ ಬರಲು ಕಾರಣವೇ ಇರುವುದಿಲ್ಲವಲ್ಲ ಎಂದು ನನಗೆ ತೋಚಿತು. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಗುರುವಾರ ಬೆಳಿಗ್ಗೆ ಆಯಿ ಸ್ನಾನಕ್ಕೆ ಹೋದಳು. ಅವಳು ಆಗಲೇ ಮಣೆ ಹಾಕಿ, ಕಾಯಿ ಇಟ್ಟು ಹೋಗಿದ್ದಳು. ದೊಡ್ಡ ಕಾಯಿ, ಗಾರಿಗೆಗೆಂದು ಎತ್ತಿಟ್ಟಿದ್ದು. ನಾನು ಆ ಮಣೆಯ ಮೇಲೆ ಕೂತು ಕತ್ತಿ ಹಾಕಿದೆ. ಕತ್ತಿ ನಾಲ್ಕು ಬೆರಳು ಇಳಿದು ಸಿಕ್ಕಿಕೊಂಡಿತು. ಅತ್ತ ಎಳೆದರೂ ಬರಲಿಲ್ಲ, ಇತ್ತ ಒತ್ತಿದರೂ ಹೋಗಲಿಲ್ಲ. ಒರಳಿನ ಗುಂಡು ತಂದು ಕತ್ತಿಯ ಬೆನ್ನಿಗೆ ಜಜ್ಜಿದೆ. ಕಾಯಿ ಸೊಟ್ಟಗೆ ಸೀಳಿ ಒಂದು ಚೂರು ಅಂಗಳಕ್ಕೆ ಹಾರಿತು, ಬೀಜವೆಲ್ಲ ಜಗಲಿಯ ತುಂಬ ಚೆಲ್ಲಿದವು. ಹೆಂಗಸರು ಒಡೆದರೆ ಏನೋ ಆಗುತ್ತದೆ ಎನ್ನುತ್ತಿದ್ದರಲ್ಲ, ಏನೂ ಆಗಲಿಲ್ಲ. ನಾನು ಕೈ ಒರೆಸಿಕೊಳ್ಳುತ್ತಿದ್ದಾಗ ಕಾರಕೂನರು ಅಂಗಳಕ್ಕೆ ಬಂದರು. ಅದೇ ಹೊತ್ತಿಗೆ ಆಯಿಯೂ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದಳು.

"ಯಾರು ಒಡದ್ದು?" ಎಂದಳು ಆಯಿ.

"ಆನು" ಎಂದೆ. "ಇನ್ನು ಮೇಲೆ ಆನೇ ಒಡೀತೆ. ಅದಕ್ಕೆ ಹೇಳಿ ಯಾರೂ ಬಪ್ಪುದು ಬ್ಯಾಡ."

ಕಾರಕೂನರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದೆ. ಅವರು ಟೋಪಿ ತೆಗೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಅಂಗಳದಲ್ಲಿ ಬಿದ್ದ ಚೂರನ್ನು ಬಗ್ಗಿ ಎತ್ತಿ, ಮಣ್ಣು ಒರೆಸಿ, ಜಗಲಿಯ ತುದಿಯಲ್ಲಿ ಇಟ್ಟರು.

"ಕೈಗೆ ಏನೂ ಹತ್ತಿಲ್ಲಲ್ಲ, ತಂಗೆವ್ವ?" ಎಂದರು.

ನಾನು ಇಲ್ಲವೆಂದು ತಲೆಯಾಡಿಸಿದೆ. "ಛಲೋ ಆತು" ಎಂದು ಹೇಳಿ ತಿರುಗಿ ಹೋದರು. ಊಟದ ಹೊತ್ತಿಗೆ ಎಲ್ಲರೊಡನೆ ಮುಂದಿನ ಬಾಗಿಲಿಂದ ಬಂದು ಸಾಲಿನಲ್ಲಿ ಕೂತು ಉಂಡರು. ಆ ದಿನ ಎಲ್ಲರಿಗಿಂತ ಮೊದಲು ಎದ್ದರು.

ಆಯಿ ನನಗೆ ಬೈಯಲಿಲ್ಲ. ಬೈದಿದ್ದರೆ, ಎರಡು ಬಿಟ್ಟಿದ್ದರೆ, ಎಷ್ಟೋ ಹಗುರಾಗುತ್ತಿತ್ತು. ಅವಳು ಬೀಜ ಆರಿಸಿದಳು, ಸೊಟ್ಟ ಹೋಳುಗಳನ್ನು ಒಳಗೊಯ್ದಳು, 'ಇದು ಎಂತಕ್ಕೆ ಆಗ್ತು' ಎಂದು ಯಾರನ್ನೂ ಕೇಳದೆ ಎಲ್ಲವನ್ನೂ ಹುಳಿಗೆ ಹಾಕಿದಳು. ಮುಂದಿನ ಸೋಮವಾರ ಅಭ್ಯಾಸದ ಬಲದಿಂದ ಹಿಂದಿನ ಜಗಲಿಯಲ್ಲಿ ಮಣೆ ಹಾಕಿದಳು, ಸ್ವಲ್ಪ ಹೊತ್ತು ನೋಡಿ ಅದನ್ನು ತೆಗೆದು ಗೋಡೆಗೆ ಒರಗಿಸಿಟ್ಟಳು. ಆಮೇಲೆ ನಾನು ಒಡೆದ ಕಾಯಿಗಳಿಗೆಲ್ಲ ಹುಳಿ, ಇಲ್ಲವೇ ಪಲ್ಯ. ಕಡುಬಿಲ್ಲ, ಗಾರಿಗೆಯಂತೂ ಇಲ್ಲವೇ ಇಲ್ಲ. ಮಾಸ್ತರರು ಕೇಳಿದರೆ ಈ ಸಲದ ಕಾಯಿ ಒಳ್ಳೆಯದಿಲ್ಲ ಎನ್ನುತ್ತಿದ್ದಳು. ಪಕ್ಕದ ಮನೆಯ ಅತ್ತೆ ನನ್ನನ್ನು ಕಂಡು ನೀನು ಜಾಣೆ ಎಂದಳು. ಆ ಮೆಚ್ಚುಗೆಯಿಂದ ನಾನು ಒಂದು ವಾರ ಉಬ್ಬಿಕೊಂಡಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ.

ಎರಡು ತಿಂಗಳಿಗೆ ಕಾರಕೂನರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ತಾವೇ ಕೇಳಿ ಮಾಡಿಸಿಕೊಂಡರೆಂದು ಮಾಸ್ತರರು ಮಾತಾಡಿಕೊಂಡರು. ಹೋಗುವ ದಿನ ಪಡಸಾಲೆಯಲ್ಲೇ ನಿಂತು ಒಳಗಿನ ಕಡೆ ಮುಖ ಮಾಡಿ, "ಬರ್ತೀನ್ರಿ ಬಾಯಾರ" ಎಂದರು. ಆಯಿ ಒಲೆಯ ಮುಂದಿನಿಂದ, "ಅಡ್ಡಿಲ್ಲೆ, ಹೋಗಿ ಬನ್ನಿ" ಎಂದಳು. ಅಷ್ಟೇ ಅವರಿಬ್ಬರ ಮಾತು. ಮೂರು ವರ್ಷದಲ್ಲಿ ಅವರ ನಡುವೆ ಕುಂಬಳಕಾಯಿಯ ಮಾತಲ್ಲದೆ ಬೇರೆ ಮಾತು ಆದದ್ದನ್ನು ನಾನು ಕೇಳಿಲ್ಲ. ನಡುವೆ ಕೂತಿದ್ದವಳು ನಾನು, ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಹನ್ನೆರಡು ವರ್ಷದ ಹುಡುಗಿಯ ತಿಳಿಗೇಡಿತನ ಎಂದು ನನ್ನನ್ನು ನಾನೇ ಮನ್ನಿಸಬಹುದಿತ್ತು. ಮರುವರ್ಷ ದೀಪಾವಳಿಗೆ ಗಾಡಿ ಸಾಬರು ಬಂದರು. ಆಯಿ ಹಿತ್ತಿಲಲ್ಲಿ ನೀರು ಸೇದುತ್ತಿದ್ದಳು, ಬಾಗಿಲಲ್ಲಿ ನಾನಿದ್ದೆ. ಸಾಬರು ಕಾಯಿ ಇಳಿಸುತ್ತ ಹೇಳಿದರು:

"ತಂಗೀ, ಯಲ್ಲಾಪುರದಲ್ಲಿ ಕಾರಕೂನ್ ಸಾಹೇಬ್ರು ಸಿಕ್ಕಿದ್ರು. ಕಚೇರಿ ಕೆಲಸಕ್ಕೆ ತಿಂಗಳಿಗೆ ಒಂದ್ಸಲ ಶಿರ್ಸಿಗೆ ಬರೋದಿದೆಯಂತೆ. ಕುಂಬಳಕಾಯಿ ಒಡೆಯೋದಿದ್ರೆ ಬರಲೇನು ಅಂತ ಅಮ್ಮಾರನ್ನ ಕೇಳು ಅಂದಿದ್ದಾರೆ. ಏನು ಹೇಳ್ಲಿ?"

"ಬ್ಯಾಡ ಹೇಳಿ ತಿಳ್ಸಿ" ಎಂದೆ.

"ಅಮ್ಮಾರನ್ನ ಒಂದು ಮಾತು ಕೇಳು ತಂಗೀ."

"ಆಯಿಯೇ ಹೇಳಿದ್ದು" ಎಂದೆ.

ಸಾಬರು ನನ್ನ ಮುಖ ನೋಡಿದರು. ಹಿತ್ತಿಲಿನಿಂದ ರಾಟೆಯ ಸದ್ದು ಕೇಳುತ್ತಿತ್ತು. ಆಗಲಿ ಎಂದು ಎತ್ತಿಗೆ ಹಗ್ಗ ಹಾಕಿದರು. ಆಯಿ ಕೊಡ ಹೊತ್ತು ಬಂದು, ಸಾಬರು ಎಂತ ಹೇಳಿದ್ರು ಎಂದು ಕೇಳಿದಳು. ಈ ಸಲ ಕಾಯಿ ಚೆನ್ನಾಗಿದೆಯಂತೆ ಎಂದೆ.

ಹದಿನೈದಕ್ಕೆ ನನ್ನ ಮದುವೆಯಾಯಿತು. ಸಿದ್ದಾಪುರದ ಕಡೆ, ಕಾನಸೂರಿನ ಹತ್ತಿರದ ಮನೆ. ಕುಂಬಳಕಾಯಿ ಒಡೆಯಲು ಅಲ್ಲಿ ಗಂಡಸರಿಗೆ ಬರಗಾಲವಿರಲಿಲ್ಲ. ಮಾವನವರು ಒಡೆದು ಬಿಸಾಡಿದ ಹಾಗೆ ಮೊರಕ್ಕೆ ಹಾಕುತ್ತಿದ್ದರು, ಅತ್ತೆ ಒಳಗಿನಿಂದ ಸಾಸ್ಮೆ ಎಂದರೆ ಸಾಸ್ಮೆ, ಹುಳಿ ಎಂದರೆ ಹುಳಿ. ಇದು ಯಾವುದಕ್ಕಾದೀತು ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನು ಕೇಳಲು ಯಾರೂ ಇರಲಿಲ್ಲ. ಗಂಡ ಒಳ್ಳೆಯವರೇ, ಆದರೆ ಎಲೆಗೆ ಬಿದ್ದದ್ದು ಕಡುಬೋ ಪಲ್ಯವೋ ನೋಡದೆ ಉಣ್ಣುವವರು. ಎರಡು ವರ್ಷ ಆ ಅಡಿಗೆಮನೆಯಲ್ಲಿ ಬೆಂದ ಮೇಲೆ ಒಂದು ದಿನ ಕುಂಬಳಕಾಯಿ ತುರಿಯುತ್ತ ಕೂತಿದ್ದಾಗ ಆಯಿಯ ಆ ದನಿ ನೆನಪಾಯಿತು. ನಾನು ಅವಳಿಂದ ಏನು ಕಿತ್ತುಕೊಂಡೆ ಎನ್ನುವುದು ಆವತ್ತು ನನಗೆ ಸರಿಯಾಗಿ ತಿಳಿಯಿತು. ತುರಿಯುವುದು ಬಿಟ್ಟು ಅಳುತ್ತ ಕೂತೆ, ಅತ್ತೆ ಬಂದು ಬೈಯುವವರೆಗೂ ಅಳುತ್ತಿದ್ದೆ.

ಚೊಚ್ಚಲ ಹೆರಿಗೆಗೆ ಶಿರಸಿಗೆ ಬಂದಾಗ ನನಗೆ ಏಳು ತಿಂಗಳು. ದೀಪಾವಳಿ ಕಳೆದಿತ್ತು. ಅಟ್ಟ ನೋಡಿದರೆ ಬರಿದು. ಹುಲ್ಲು ಹಾಸಿತ್ತು, ಕಾಯಿ ಒಂದೂ ಇರಲಿಲ್ಲ. ನಾನು ಗಂಡನ ಮನೆಗೆ ಹೋದ ಮೇಲೆ ಆಯಿ ಕುಂಬಳಕಾಯಿ ಕೊಳ್ಳುವುದನ್ನೇ ಬಿಟ್ಟಿದ್ದಳು. ಬಯಕೆ ಎಂತ ಇದ್ದು ಎಂದು ಅವಳು ಕೇಳಿದಾಗ ನನ್ನ ಬಾಯಲ್ಲಿ ಬಂದದ್ದು ಗಾರಿಗೆ. ಯಾಕೆ ಬಂತೋ ಗೊತ್ತಿಲ್ಲ. ಬಯಕೆಯೇ ಆಗಿತ್ತೋ, ಅವಳು ಮತ್ತೆ ಅದನ್ನು ಮಾಡಲಿ ಎಂಬ ಆಸೆಯೋ. ಆಯಿ ಒಂದು ಗಳಿಗೆ ನನ್ನನ್ನೇ ನೋಡಿ, ಸೆರಗು ಹೊದ್ದು ಸಂತೆಗೆ ಹೋಗಿ, ಒಂದು ಕಾಯಿ ಸೊಂಟದ ಮೇಲಿಟ್ಟುಕೊಂಡು ಬಂದಳು.

ಹಿಂದಿನ ಜಗಲಿಯಲ್ಲಿ ಅದನ್ನು ಇಳಿಸಿದಳು. ನಾನು ಕತ್ತಿಗೆ ಕೈಚಾಚಿದೆ.

"ನೀ ಮುಟ್ಟಡ. ಹೊಟ್ಟೇಲಿ ಶಿಶು ಇದ್ದು" ಎಂದಳು.

"ಹಂಗಾರೆ ಪಕ್ಕದ ಮನೆ ಮಾವನ ಕರೀಲಾ?"

ಆಯಿ ಗೋಡೆಗೆ ಒರಗಿಸಿದ್ದ ಮಣೆ ತಂದು ಹಾಕಿಕೊಂಡು ತಾನೇ ಕೂತಳು. ಹೆಬ್ಬೆರಳಿನಿಂದ ಕಾಯಿಯ ಗೆರೆಗಳನ್ನು ತಡವಿದಳು. ಒಂದನ್ನು ಆರಿಸಿ, ತೊಟ್ಟಿನ ಪಕ್ಕ ಕತ್ತಿಯ ತುದಿ ಊರಿ, ಗೆರೆಯ ಗುಂಟ ಎಳೆದಳು. ಸದ್ದಿಲ್ಲದೆ ಕಾಯಿ ಎರಡಾಯಿತು.

"ಆಯೀ, ನಿಂಗೆ ಬತ್ತಾ?" ಎಂದೆ.

"ಯಾವಾಗ್ಲೂ ಬತ್ತಿತ್ತು" ಎಂದಳು. "ಪಕ್ಕದ ಮನೆಯವ್ವು ಬಪ್ಪುದು ಬಿಟ್ಟ ಮೇಲೆ ಯಾರು ಒಡೀತಿದ್ದ ಹೇಳಿ ತಿಳ್ಕಂಡಿದ್ದೆ ನೀನು? ನೀ ಏಳ ಮೊದ್ಲು ಆನೇ ಒಡೀತಿದ್ದಿ."

ನಸುಕಿನಲ್ಲಿ ಮೊರದೊಳಗೆ ಕೂತಿರುತ್ತಿದ್ದ ಆ ಹೋಳುಗಳು ನೆನಪಾದವು. ಹಾಗಾದರೆ ಕಾರಕೂನರು ಇಲ್ಲದಿದ್ದರೂ ನಮ್ಮ ಮನೆಯ ಒಂದು ಕುಂಬಳಕಾಯಿಯೂ ಒಡೆಯದೆ ಉಳಿಯುತ್ತಿರಲಿಲ್ಲ. ಮಣೆ ಹಾಕಿ, ಕತ್ತಿ ಇಟ್ಟು, ಮೂರು ವರ್ಷ ಅವಳು ತನಗೆ ಬಾರದವಳ ಹಾಗೆ ಹೊಸಿಲ ಒಳಗೆ ನಿಂತಿದ್ದಳು. 

ಆಯಿ ಬೀಜ ಬಿಡಿಸುತ್ತ, ನನ್ನ ಕಡೆ ನೋಡದೆ, "ಯಲ್ಲಾಪುರ ಎಂತ ದೂರ ಅಲ್ಲ. ಒಂದ್ಸಲ ಆದ್ರೂ ಬತ್ರು ಹೇಳಿ ಮನ್ಸಲ್ಲಿ ಇತ್ತು" ಎಂದಳು. "ಈಗ ಅಲ್ಲಿಂದ್ಲೂ ವರ್ಗ ಆತಡ. ಕಾರವಾರನೋ ಎಂತದೋ."

ಸಾಬರ ಮಾತು ನನ್ನ ನಾಲಗೆಯ ತುದಿಗೆ ಬಂತು. ಬರಲೇನು ಎಂದು ಕೇಳಿದ್ದರು ಆಯೀ, ನಿನ್ನನ್ನೇ ಕೇಳು ಎಂದಿದ್ದರು, ನಾನು ನಿನ್ನ ಹೆಸರು ಹೇಳಿ ಬೇಡವೆಂದೆ. ಇಷ್ಟೇ ಹೇಳಬೇಕಾಗಿದ್ದದ್ದು. ಆಯಿ ಒಂದು ಹೋಳನ್ನು ಎತ್ತಿ ನನ್ನ ಕಡೆ ಹಿಡಿದಳು.

"ಇದು ಎಂತಕ್ಕೆ ಆಗ್ತು, ನೋಡಿ ಹೇಳು."

ಅದೇ ದನಿ. ಅಷ್ಟು ವರ್ಷದ ಮೇಲೆ ಅದೇ ದನಿಯಲ್ಲಿ ಅವಳು ನನ್ನನ್ನು ಕೇಳಿದಳು. ನಾನು ಹೋಳನ್ನು ಬೆಳಕಿಗೆ ಹಿಡಿದೆ. ಬೆರಳಿನಿಂದ ಒತ್ತಿದೆ. ಮೂರು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೆ, ಆದರೆ ನನಗೆ ಏನೂ ಕಾಣಲಿಲ್ಲ. ಬೆರಳು ಒದ್ದೆಯಾದದ್ದು ಕಾಯಿಯ ನೀರಿಗೋ ನನ್ನ ಬೆವರಿಗೋ ತಿಳಿಯಲಿಲ್ಲ.

"ಗಾರಿಗೆ" ಎಂದೆ.

ಅದು ನೀರಿನ ಕಾಯಿ ಎಂದು ಆಯಿಗೆ ತಿಳಿದಿತ್ತು. ಅವಳು ಹೋಳು ಇಸಕೊಂಡಾಗಲೇ ಒತ್ತಿ ನೋಡಿದ್ದಳು. ಆದರೂ ಅಡ್ಡಿಲ್ಲೆ ಎಂದು ತುರಿದಳು, ಬೆಲ್ಲ ಹಾಕಿ ಬಾಡಿಸಿದಳು, ಹಿಟ್ಟು ಕಲಸಿದಳು, ಮೇಲಿನ ಹಲಗೆಯಿಂದ ಹಿತ್ತಾಳೆ ಡಬ್ಬಿ ಇಳಿಸಿ ಉಳಿದಿದ್ದ ಗಸಗಸೆಯನ್ನೆಲ್ಲ ಒತ್ತಿದಳು. ಎಣ್ಣೆಗೆ ಬಿಟ್ಟ ಮೊದಲನೆಯದು ಒಡೆಯಿತು. ಎರಡನೆಯದೂ ಒಡೆಯಿತು. ಆಯಿ ಒಂದೊಂದನ್ನೇ ಬಿಡುತ್ತ, ಚೂರುಗಳನ್ನು ಸೌಟಿನಲ್ಲಿ ಬಳಿದು ನನ್ನ ಬಟ್ಟಲಿಗೆ ಹಾಕುತ್ತ ಹೋದಳು. ಹೇಳುವುದನ್ನು ತಿಂದು ಮುಗಿಸಿ ಹೇಳಿದರಾಯಿತು ಎಂದುಕೊಂಡೆ. ಕೊನೆಯ ಚೂರಿನವರೆಗೂ ತಿಂದೆ. ಆಮೇಲೆ ಆಯಿ ಮೂವತ್ತು ವರ್ಷ ಬದುಕಿದ್ದಳು, ನಾನು ಹೇಳಲಿಲ್ಲ.